‘ಸ್ಯಾಡ್’ ಎಂಬ ಹೊಟ್ಟೆ ತುಂಬಿದ ಮಾತು

ಅಮೆರಿಕದಲ್ಲಿ ಹಳೆಯ ಕಾಲದ ಒಂದು ಬಗೆಯ ಇಸ್ತ್ರಿಪೆಟ್ಟಿಗೆಗೆ ‘ಸ್ಯಾಡ್ ಐರನ್’ ಎನ್ನುತ್ತಿದ್ದರು. ಕಾದ ಹಿಡಿ ಕೈ ಸುಡುತ್ತದೆಂದು ಅಯೋವಾದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬಾಕೆ ಅದಕ್ಕೆ ಕಳಚಿ ಹಾಕಬಹುದಾದ ಮರದ ಹಿಡಿ ಮಾಡಿ 1871ರಲ್ಲಿ ಪೇಟೆಂಟ್ ಪಡೆದಳು. ಅದೆಲ್ಲ ಸರಿ, ಕಬ್ಬಿಣಕ್ಕೇನು ದುಃಖ? ರಾಶಿ ಬಟ್ಟೆ ಉಜ್ಜುವ ಹೆಂಗಸಿನ ದುಃಖವೇ ಪೆಟ್ಟಿಗೆಗೆ ಅಂಟಿತೆಂದು ಕಥೆ ಕಟ್ಟಬಹುದು. ನಿಜ ಬೇರೆ. ನಮ್ಮ ಕೆಂಡದ ಪೆಟ್ಟಿಗೆ ಒಳಗೆ ಟೊಳ್ಳು. ಈ ‘ಸ್ಯಾಡ್ ಐರನ್’ ಇಡೀ ಒಂದೇ ಕಬ್ಬಿಣದ ಗಟ್ಟಿ, ಒಲೆಯ ಮೇಲಿಟ್ಟು ಕಾಯಿಸುವಂಥದ್ದು. ಇಲ್ಲಿ ‘ಸ್ಯಾಡ್’ ಎಂದರೆ ಗಟ್ಟಿ, ತೂಕದ್ದು, ಅಷ್ಟೇ.

*

ಇನ್ನೂ ಹಿಂದಕ್ಕೆ ಹೋದರೆ ಇನ್ನೂ ವಿಚಿತ್ರ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ‘ಹೊಟ್ಟೆ ತುಂಬಿದ’, ‘ತೃಪ್ತಿಯಾದ’ ಎಂದೇ ಅರ್ಥ. ಅದರ ಜರ್ಮನ್ ಒಡಹುಟ್ಟು ‘ಝಾಟ್’ ಇಂದಿಗೂ ಆ ಅರ್ಥ ಬಿಟ್ಟಿಲ್ಲ. ಜರ್ಮನರು ಊಟ ಮುಗಿಸಿ ಹೇಳುವ ಮಾತು ಅದು. ಡಚ್ಚರ ‘ಝಾಟ್’ ಮಾತ್ರ ಊಟ ಬಿಟ್ಟು ಬಾಟಲಿಯ ಕಡೆ ಹೊರಳಿತು: ಕುಡಿದು ಅಮಲೇರಿದವನಿಗೆ ಆ ಹೆಸರು.

ಒಂದೇ ಬಸಿರಿನ ಮೂರು ಕೂಸು. ಒಂದು ಉಂಡು ತೇಗಿತು, ಒಂದು ಕುಡಿದು ತೂರಾಡಿತು, ಒಂದು ಅಳುತ್ತ ಕೂತಿತು.

*

ಅಳು ಹೇಗೆ ಬಂತು? ಪಂಡಿತರು ಹೇಳುವ ದಾರಿ ಹೀಗೆ: ತುಂಬಿದ್ದು ಸಾಕಾಯಿತು, ಸಾಕಾದದ್ದು ಬೇಸರವಾಯಿತು. ಇನ್ನೊಂದು ಮಗ್ಗುಲಲ್ಲಿ ತುಂಬಿದ್ದು ಭಾರವಾಯಿತು. ಭಾರದಿಂದ ಗಟ್ಟಿ, ಸ್ಥಿರ, ಗಂಭೀರ ಎಂಬ ಅರ್ಥಗಳು ಹುಟ್ಟಿದವು. 1300ರ ಸುಮಾರಿಗೆ ದುಃಖದ ಅರ್ಥವೂ ಕಾಣಿಸಿಕೊಂಡಿತು. ಚಾಸರ್ ಕವಿ ತನ್ನ ಗ್ರಿಸೆಲ್ಡಾಳನ್ನು ‘ಸ್ಯಾಡ್’ ಎಂದು ಕರೆದರೆ ಅದು ಹೊಗಳಿಕೆ. ಗಂಡ ಎಷ್ಟು ಪರೀಕ್ಷೆ ಒಡ್ಡಿದರೂ ಅಲುಗದವಳು ಎಂಬ ಅರ್ಥದಲ್ಲಿ.

ಮೊದಲು ಇದೆಲ್ಲ ಎಳೆದಾಡಿ ಕೂರಿಸಿದ ವಿವರಣೆ ಅನ್ನಿಸುತ್ತದೆ. ಆಮೇಲೆ ನಮ್ಮ ಬಾಯಿಮಾತು ನೆನಪಾಗುತ್ತದೆ. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುವವನೇ ಸಂಜೆ ಕಚೇರಿಯಿಂದ ಬಂದು ‘ಸಾಕಾಗಿ ಹೋಯ್ತಪ್ಪ’ ಎನ್ನುತ್ತಾನೆ. ಕೆಟ್ಟ ಸುದ್ದಿ ಕೇಳಿದರೆ ‘ಮನಸ್ಸು ಭಾರವಾಯ್ತು’ ಎನ್ನುತ್ತಾನೆ. ಇಂಗ್ಲಿಷಿನ ಒಂದು ಶಬ್ದ ಸುತ್ತಾಡಿದ ದಾರಿಯನ್ನು ನಾವು ಎರಡು ಶಬ್ದಗಳಿಗೆ ಪಾಲು ಮಾಡಿ ಕೊಟ್ಟಿದ್ದೇವೆ. ಆದರೆ ‘ಸಾಕು’ ಬೇಸರದ ಹೊಸ್ತಿಲಲ್ಲೇ ನಿಂತುಬಿಟ್ಟಿತೇಕೆ, ದುಃಖದ ಮನೆಯೊಳಗೆ ಕಾಲಿಡಲಿಲ್ಲವೇಕೆ? ನನಗಂತೂ ಹೊಳೆಯುತ್ತಿಲ್ಲ. (ಸದ್ದು ಕೇಳಿ ‘ಸಾಕು’ವಿಗೂ ‘ಸ್ಯಾಡ್’ಗೂ ನೆಂಟಸ್ತಿಕೆ ಹಚ್ಚುವ ಆಸೆ ಬೇಡ. ನಮ್ಮದು ‘ಸಾಲದು’, ‘ಸಾಲುತ್ತದೆ’ಗಳ ಬಳಗದ ಅಪ್ಪಟ ದ್ರಾವಿಡ ಮಾತು.)

*

‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಮೊದಲ ದೃಶ್ಯದಲ್ಲೇ ಈ ಶಬ್ದದ ಮೇಲೆ ಒಂದು ಚೇಷ್ಟೆ ಇದೆ. ನಿನ್ನ ಮನಸ್ಸು ಕದ್ದವಳು ಯಾರು, ತಮಾಷೆ ಬಿಟ್ಟು ಹೇಳು ಎಂದು ರೋಮಿಯೊನನ್ನು ಗೆಳೆಯ ಬೆನ್ವೋಲಿಯೊ ಕೇಳುತ್ತಾನೆ. ‘ತಮಾಷೆ ಬಿಟ್ಟು’ ಎನ್ನಲು ಬಳಸುವುದು ‘ಸ್ಯಾಡ್‌ನೆಸ್’ ಶಬ್ದವನ್ನು. ರೋಮಿಯೊ ಬೇಕೆಂದೇ ಅದನ್ನು ದುಃಖ ಎಂದು ತಿರುಚಿ, ಹಾಗಾದರೆ ನರಳುತ್ತ ಹೇಳಲೇ ಎನ್ನುತ್ತಾನೆ. ಎರಡು ಅರ್ಥಗಳೂ ಆಗ ಚಲಾವಣೆಯಲ್ಲಿದ್ದುದರಿಂದ ಸಭೆ ನಕ್ಕಿರಬೇಕು. ಇಂದು ಆ ನಗು ಹುಟ್ಟಬೇಕಾದರೆ ಪುಟದಡಿ ಟಿಪ್ಪಣಿ ಬೇಕು.

*

ಬಣ್ಣ ಹಾಕುವವರಲ್ಲಿ ‘ಸ್ಯಾಡನ್’ ಎಂಬ ಕ್ರಿಯೆಯೇ ಇದೆ. ಗಿಡಮೂಲದ ಬಣ್ಣಕ್ಕೆ ಅನ್ನಭೇದಿ ಸೇರಿಸಿದರೆ ಅದರಲ್ಲಿನ ಕಬ್ಬಿಣದಿಂದ ಹಳದಿ ಪಾಚಿಬಣ್ಣಕ್ಕೆ ತಿರುಗುತ್ತದೆ, ಕೆಂಪು ಕಂದುತ್ತದೆ. ಬಟ್ಟೆಗೆ ದುಃಖ ಬರಿಸುವ ಕೆಲಸ! 17ನೇ ಶತಮಾನದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರೂ ಕಂದು, ತುಕ್ಕಿನ ಬಣ್ಣದ ಉಡುಪುಗಳನ್ನು ‘ಸ್ಯಾಡ್’ ಬಣ್ಣದವು ಎನ್ನುತ್ತಿದ್ದರು. ಅಳುಮೋರೆಯ ಬಣ್ಣ ಎಂದಲ್ಲ, ಗಂಭೀರ ಬಣ್ಣ ಎಂದು.

ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ‘ಸ್ಯಾಡ್ ಕೇಕ್’ ಸಿಗುತ್ತದೆ: ಚಪ್ಪಟೆ, ಉಬ್ಬದ್ದು. ಹಿಟ್ಟು ಹುದುಗದೆ ಕಲ್ಲಾದ ಇಡ್ಲಿಯನ್ನು ಅಲ್ಲಿನ ಅಜ್ಜಿ ನೋಡಿದರೆ ‘ಸ್ಯಾಡ್’ ಎಂದೇ ಹೇಳಿಯಾಳು. ಬಡಿಸಿಕೊಂಡವರ ಮುಖ ನೋಡಿದರೆ ಈಗಿನ ಅರ್ಥವೂ ಹೊಂದುತ್ತದೆ.

*

ನೆಂಟರ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ‘ಸಾಕಷ್ಟು’ ಎಂಬ ಅರ್ಥದ ಲ್ಯಾಟಿನ್ ‘ಸಾಟಿಸ್’ ಇದರ ದಾಯಾದಿ. ಅದರಿಂದ ‘ಸ್ಯಾಟಿಸ್‌ಫೈ’ ಬಂದದ್ದು ಸರಿ. ಆದರೆ ‘ಅಸೆಟ್ಸ್’ ಕೂಡ ಅಲ್ಲಿಂದಲೇ. ಸತ್ತವನ ಸಾಲ ತೀರಿಸಲು ಸಾಕಾಗುವಷ್ಟು ಆಸ್ತಿ ಎಂಬುದು ಮೂಲದ ಕಾನೂನು ಅರ್ಥ. ಲೋಕಾಯುಕ್ತ ದಾಳಿಯ ಸುದ್ದಿಗಳಲ್ಲಿ ಬರುವ ‘ಅಕ್ರಮ ಆಸ್ತಿ’ಗೆ ಈ ‘ಸಾಕು’ ಎಂದೂ ಸಾಕಾಗಿಲ್ಲ, ಆ ಮಾತು ಬೇರೆ. ಸಂಸ್ಕೃತದಲ್ಲಿ ಎಷ್ಟಾದರೂ ತೃಪ್ತಿಯಾಗದ್ದು ಎಂಬ ಅರ್ಥದ ವೈದಿಕ ಶಬ್ದ ‘ಅಸಿನ್ವ’ವನ್ನೂ ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಸೇರಿಸುತ್ತಾರೆ.

*

ತುಂಬಿದ ಹೊಟ್ಟೆಗೆ ಈ ಶಬ್ದ ಮೀಸಲಾಗಿದ್ದಾಗ ಆ ಕಾಲದ ಇಂಗ್ಲಿಷ್ ಜನ ದುಃಖಕ್ಕೆ ಏನನ್ನುತ್ತಿದ್ದರು? ‘ಉನ್‌ರೋಟ್’. ‘ರೋಟ್’ ಎಂದರೆ ಉಲ್ಲಾಸ, ಅದಿಲ್ಲದ್ದು ‘ಉನ್‌ರೋಟ್’. ಈಗ ಎರಡೂ ಇಂಗ್ಲಿಷಿನಲ್ಲಿ ಉಳಿದಿಲ್ಲ.

ಬಸ್ಸಿನಲ್ಲಿ ಕಾಲು ತುಳಿದು ನಾವು ಎಸೆಯುವ ‘ಸಾರಿ’ಗೂ ದುಃಖ ಎಂಬ ಅರ್ಥದ ‘ಸಾರೋ’ಗೂ ಹುಟ್ಟಿನ ಸಂಬಂಧವಿಲ್ಲ ಎಂಬುದು ಇನ್ನೊಂದು ಬೆರಗು. ‘ಸಾರಿ’ಯ ಮೂಲದಲ್ಲಿರುವುದು ನೋವು, ಹುಣ್ಣು. ಆ ಲೆಕ್ಕದಲ್ಲಿ ಅದನ್ನು ಹೇಳಬೇಕಾದವನು ತುಳಿಸಿಕೊಂಡವನು.

*

ಸಿನಿಮಾ ಮಂದಿ ‘ಪ್ಯಾಥೋ ಸಾಂಗ್’ ಎನ್ನುತ್ತಿದ್ದುದನ್ನು ಈಗಿನ ಹುಡುಗರು ‘ಸ್ಯಾಡ್ ಸಾಂಗ್’ ಎನ್ನುತ್ತಾರೆ. ಅತ್ತ ಬ್ರಿಟನ್ನಿನ ಆಡುಮಾತಿನಲ್ಲಿ, 20ನೇ ಶತಮಾನದ ಕೊನೆಯ ಹೊತ್ತಿಗೆ, ‘ಸ್ಯಾಡ್’ ಎನ್ನಿಸಿಕೊಂಡವನು ಅಳಬೇಕಾಗಿಯೇ ಇರಲಿಲ್ಲ. ನಗೆಪಾಟಲಾಗುವಷ್ಟು ಪೆದ್ದನಾಗಿದ್ದರೆ, ಸಂಜೆಯೆಲ್ಲ ಮನೆಯಲ್ಲೇ ಕೂತು ರೈಲಿನ ವೇಳಾಪಟ್ಟಿ ಓದುವವನಾಗಿದ್ದರೆ ಸಾಕಿತ್ತು.