ಪರಸ್ಥಳದವರ ಪಾಲು

ನಮ್ಮ ತಾಯಿಯವರು ರೊಟ್ಟಿ ಬಡಿಯಲು ಕುಳಿತರೆ ಮನೆಯ ಮಂದಿಯ ಲೆಕ್ಕಕ್ಕಿಂತ ಎರಡು ರೊಟ್ಟಿಗಳನ್ನು ಹೆಚ್ಚಾಗಿಯೇ ಬಡಿಯುತ್ತಿದ್ದರು. ಬಾಲ್ಯದಲ್ಲಿ ನಾವು ಒಮ್ಮೆ, "ಅವ್ವಾ, ಈ ಎರಡು ಯಾರಿಗೆ?" ಎಂದು ಕೇಳಿದಾಗ, "ಬರೋರಿಗೆ" ಎಂದಿಷ್ಟೇ ಉತ್ತರ ದೊರೆಯಿತು. ಯಾರು ಬರುವರು, ಯಾವಾಗ ಬರುವರು ಎಂಬುದು ಆಕೆಗೂ ತಿಳಿಯದು. ಯಾರೂ ಬಾರದಿದ್ದರೆ ಆ ರೊಟ್ಟಿಗಳು ಮರುದಿನ ಮೊಸರಿನೊಡನೆ ನಮ್ಮ ಪಾಲಿಗೇ ಬರುತ್ತಿದ್ದುದರಿಂದ ಈ ಧರ್ಮಾಚರಣೆಯಲ್ಲಿ ನಮಗೆ ಯಾವ ನಷ್ಟವೂ ಇರಲಿಲ್ಲ. ಮುದ್ದೇಬಿಹಾಳದ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈ ಪದ್ಧತಿಯು ಇಂದಿಗೂ ನಡೆದಿರಬಹುದು. ಆದರೆ ಆ ಎರಡು ರೊಟ್ಟಿಗಳು ನಮಗೆ ಮತ್ತೆ ನೆನಪಾದುದು ಅಡಿಗೆಮನೆಯಲ್ಲಲ್ಲ, ಬೆಂಗಳೂರಿನ ಕಾಲ್ಚೆಂಡಿನಾಟದ ಬಯಲಿನಲ್ಲಿ ಎಂದರೆ ಅವರಿಗೆ ಆಶ್ಚರ್ಯವಾದೀತು.

ನಿವೃತ್ತರಾದ ಬಳಿಕ ಒಂದು ಚಳಿಗಾಲದಲ್ಲಿ ನಾವು ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆವು. ಆಗ ಅಲ್ಲಿಯ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರಿನ ಸಂಘಕ್ಕೂ ಕೇರಳದ ಸಂಘಕ್ಕೂ ಪಂದ್ಯವು ಗೊತ್ತಾಗಿತ್ತು. ಬೆಂಗಳೂರಿನ ಸಂಘವು ೨೦೧೩ರಲ್ಲಿಯೂ ಕೇರಳದ್ದು ೨೦೧೪ರಲ್ಲಿಯೂ ಹುಟ್ಟಿದವು. ವಯಸ್ಸಿನಲ್ಲಿ ಇನ್ನೂ ಬಾಲಕರೇ ಆದರೂ ಇವುಗಳ ಹಟವು ಮಾತ್ರ ತಲೆತಲಾಂತರದ ದಾಯಾದಿಗಳದು. ೨೦೨೩ರ ಮಾರ್ಚ್ ೩ರಂದು ಇದೇ ಬಯಲಿನಲ್ಲಿ ಸುನೀಲ ಛೇತ್ರಿಯವರು ಎದುರಾಳಿಗಳು ಅಣಿಯಾಗುವ ಮೊದಲೇ ಹೊಡೆದ ಚೆಂಡು ಗೋಲಾಯಿತೆಂದು ತೀರ್ಪು ಬಂದಾಗ, ಕೇರಳದವರು ಆಟವನ್ನು ನಡುವೆಯೇ ಬಿಟ್ಟು ಹೊರನಡೆದುದು ಪತ್ರಿಕೆಗಳನ್ನೋದುವವರಿಗೆ ತಿಳಿದ ವಿಷಯ. ಒಬ್ಬರ ಬಣ್ಣ ನೀಲಿ, ಇನ್ನೊಬ್ಬರದು ಹಳದಿ. ಆತಿಥೇಯರ ಅಭಿಮಾನಿಗಳಿಗೂ ಪರಸ್ಥಳದವರಿಗೂ ಕುಳ್ಳಿರುವ ಕಟ್ಟೆ ಬೇರೆ, ಬಾಗಿಲು ಬೇರೆ, ತಿಕೀಟೂ ಬೇರೆ.

ಹನ್ನೆರಡು ವರ್ಷದ ನಮ್ಮ ಮೊಮ್ಮಗನು ನೀಲಿಯವರ ಪರಮಭಕ್ತ. ನೆರೆಮನೆಯ ಹುಡುಗನು ಅವನ ಸಹಪಾಠಿ. ಒಂದೇ ಬಂಡಿಯಲ್ಲಿ ಶಾಲೆಗೆ ಹೋಗಿ ಬರುವವರು, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಅವನ ತಂದೆತಾಯಿಗಳು ತ್ರಿಶೂರಿನ ಕಡೆಯವರಾದುದರಿಂದ ಅವನಿಗೆ ಹಳದಿಯೇ ದೈವ. ಆ ಹುಡುಗನು ಹುಟ್ಟಿದ್ದು ಬೆಂಗಳೂರಿನಲ್ಲಿ, ಕನ್ನಡವನ್ನು ನಮ್ಮ ಮೊಮ್ಮಗನಿಗಿಂತ ಶುದ್ಧವಾಗಿ ಆಡುವವನು. ಆದರೂ ಆ ಒಂದು ಸಾಯಂಕಾಲದ ಮಟ್ಟಿಗೆ ಅವನು ಪರಸ್ಥಳದವನಾಗಿದ್ದನು. ನಮ್ಮ ಅಳಿಯಂದಿರು ತಿಕೀಟು ತೆಗೆಯುವುದನ್ನು ನಾಳೆ ನಾಡಿದ್ದು ಎಂದು ಮುಂದೂಡಿದ್ದರ ಫಲವಾಗಿ ಹಳದಿಯವರ ಪಾಲಿನ ತಿಕೀಟುಗಳೆಲ್ಲ ತೀರಿಹೋಗಿದ್ದವು. ನೀಲಿಯವರ ಕಟ್ಟೆಯಲ್ಲಿಯೇ ನಾಲ್ವರಿಗೂ ಸ್ಥಳ ದೊರೆಯಿತು. ಹುಡುಗನಾದರೋ ಹಳದಿ ಅಂಗಿಯನ್ನೇ ತೊಟ್ಟು ಬಂದಿದ್ದನು. ಬಾಗಿಲ ಹತ್ತಿರ ಬಂದಾಗ ನಮ್ಮ ಮೊಮ್ಮಗನು, "ಮುತ್ಯಾ, ನಿನ್ನ ಶಾಲು ಇವಂಗ ಕೊಡು" ಎಂದನು. ಮೂವತ್ತು ವರ್ಷ ಮಕ್ಕಳಿಗೆ ನಿಯಮಪಾಲನೆಯನ್ನು ಬೋಧಿಸಿದ ನಾವು ನಮ್ಮ ಸನ್ಮಾನದ ಶಾಲನ್ನು ತೆಗೆದು ಆ ಹುಡುಗನ ಕೊರಳಿನಿಂದ ಮೊಣಕಾಲವರೆಗೆ ಹೊದಿಸಿದೆವು.

ಆಟದ ಸೂಕ್ಷ್ಮಗಳು ನಮಗೆ ತಿಳಿಯವು. ನಾವು ನೋಡಿದ್ದು ಆ ಹುಡುಗನನ್ನೇ. ಸುತ್ತಲಿದ್ದವರೆಲ್ಲರೂ ಎದ್ದು ಕುಣಿಯುವಾಗ ಅವನು ಕುಳಿತೇ ಇದ್ದನು. ಸ್ವಲ್ಪ ಹೊತ್ತಿನ ಮೇಲೆ ಹಳದಿಯವರು ಒಂದು ಗೋಲು ಹೊಡೆದರು. ದೂರದ ಕಟ್ಟೆಯೊಂದರಲ್ಲಿ ಸಾಸಿವೆಯ ಹೊಲವು ಗಾಳಿಗೆದ್ದಂತೆ ಹಳದಿಯ ಜನರು ಎದ್ದುನಿಂತರು. ನಮ್ಮ ಕಟ್ಟೆಯು ಮಾತ್ರ ನಿಶ್ಶಬ್ದವಾಯಿತು. ಹುಡುಗನು ಶಾಲಿನೊಳಗೆ ಎರಡೂ ಕೈಗಳನ್ನು ಮುಷ್ಟಿಮಾಡಿ ಎದೆಗೊತ್ತಿಕೊಂಡು ತುಟಿ ಕಚ್ಚಿ ಕುಳಿತಿದ್ದನು, ಕಣ್ಣುಗಳಲ್ಲಿ ನೀರಾಡುತ್ತಿತ್ತು. ಆನಂದವನ್ನು ಕಳ್ಳಮಾಲಿನಂತೆ ಬಚ್ಚಿಡಬೇಕಾದ ಆ ಮುಖವನ್ನು ಕಂಡು ನಮ್ಮ ಮನಸ್ಸು ಕಲಕಿಹೋಯಿತು. ಅದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುವೆವು.

ಸಂಸ್ಕೃತ ಪಾಠ ಹೇಳಿದ ಅಭ್ಯಾಸದಿಂದ ನಮಗೆ ಶಬ್ದಗಳನ್ನು ಒಡೆದು ನೋಡುವ ಚಾಳಿಯಿದೆ. ತಿಥಿಯ ಕಟ್ಟಿಲ್ಲದೆ, ಹೇಳದೆ ಕೇಳದೆ ಬರುವವನು ಅತಿಥಿ. ಕಾಲ್ಚೆಂಡಿನ ಪಂದ್ಯಕ್ಕೆ ಬರುವ ಪರಸ್ಥಳದವನಾದರೋ ತಿಥಿ, ವಾರ, ಘಳಿಗೆಗಳನ್ನು ಗೊತ್ತುಮಾಡಿಕೊಂಡೇ ಬರುವವನು. ಆದಕಾರಣ ಅವನನ್ನು ಅಭ್ಯಾಗತನೆನ್ನುವುದು ಯುಕ್ತ. ಹೇಳದೆ ಬಂದವನನ್ನೇ ದೇವರೆಂದು ತಿಳಿಯಿರೆಂದು ಉಪನಿಷತ್ತು ವಿಧಿಸಿರುವಾಗ, ಬರುವನೆಂದು ಮುಂಚಿತವಾಗಿ ಗೊತ್ತಿರುವವನಿಗೆ ಜಾಗವಿಲ್ಲವೆನ್ನಲು ನೆವವೆಲ್ಲಿದೆ?

ಈ ಅಭ್ಯಾಗತನ ಪಾಲೆಷ್ಟು ಎಂಬುದನ್ನು ಆಟವು ಬಲಿತ ದೇಶಗಳಲ್ಲಿ ಬರೆದೇ ಇಟ್ಟಿರುವರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಪರಸ್ಥಳದ ಸಂಘವು ಕೇಳಿದರೆ ೩,೦೦೦ ತಿಕೀಟುಗಳನ್ನು ಕೊಡಬೇಕು. ಬಯಲು ಚಿಕ್ಕದಾಗಿದ್ದರೆ ನೂರಕ್ಕೆ ಹತ್ತರಂತೆ ಕೊಡಬೇಕು. ದೂರದಿಂದ ಬರುವವನ ಗಂಟು ಬರಿದಾಗಬಾರದೆಂದು ೨೦೧೬ರಲ್ಲಿ ಅವನ ತಿಕೀಟಿನ ಬೆಲೆಯು ೩೦ ಪೌಂಡುಗಳನ್ನು ಮೀರಕೂಡದೆಂದೂ ನಿಶ್ಚಯಿಸಿದರು. ಯುರೋಪು ಖಂಡದ ದೇಶದೇಶಗಳ ಸಂಘಗಳು ಸೆಣಸುವ ಪಂದ್ಯಗಳಲ್ಲಿ ಈ ಪಾಲು ನೂರಕ್ಕೆ ಐದು. ಹತ್ತಾಗಲಿ ಐದಾಗಲಿ, ಇದು ನಮ್ಮ ತಾಯಿಯವರ ಎರಡು ರೊಟ್ಟಿಗಳ ಲೆಕ್ಕವೇ. ಮನೆಯವರ ಹೊಟ್ಟೆಗೆ ಕೊರತೆಯಾಗದಂತೆ, ಬಂದವನೂ ಬರಿಹೊಟ್ಟೆಯಲ್ಲಿ ಮರಳದಂತೆ.

ಆತಿಥೇಯರ ಪಕ್ಷದಲ್ಲಿಯೂ ಹೇಳುವುದುಂಟು. ವರ್ಷವಿಡೀ ಹಣ ತೆತ್ತು ಸಂಘವನ್ನು ಸಾಕಿದವರು ನಾವು, ದೊಡ್ಡ ಪಂದ್ಯದ ದಿನ ನಮ್ಮ ಮಕ್ಕಳಿಗೇ ಜಾಗವಿಲ್ಲದಿದ್ದರೆ ಹೇಗೆ ಎಂದು ಅವರು ಕೇಳುವರು. ಅದು ಅನ್ಯಾಯದ ಮಾತಲ್ಲ. ಎರಡೂ ಕಡೆಯವರನ್ನು ಬೇರೆ ಬೇರೆ ಕುಳ್ಳಿರಿಸುವುದೂ ಹಟದ ಪಂದ್ಯಗಳಲ್ಲಿ ಅವಶ್ಯವೇ. ೧೯೮೦ರ ಅಗಸ್ಟ್ ೧೬ರಂದು ಕಲಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಮೋಹನ ಬಾಗಾನ ಮತ್ತು ಈಸ್ಟ್ ಬೆಂಗಾಲ್ ಸಂಘಗಳ ಅಭಿಮಾನಿಗಳ ನಡುವೆ ಗಲಭೆಯೆದ್ದು ೧೬ ಜನರು ಪ್ರಾಣ ಕಳೆದುಕೊಂಡರು. ಆಟ ನೋಡಲು ಹೋದ ಮಗನು ಮನೆಗೆ ಮರಳದಿರುವುದಕ್ಕಿಂತ ನಡುವೆ ಒಂದು ಬೇಲಿ ಇರುವುದು ಮೇಲು. ಆದರೆ ಬೇಲಿ ಹಾಕುವುದು ಬೇರೆ, ಬಾಗಿಲನ್ನೇ ಮುಚ್ಚುವುದು ಬೇರೆ. ಅರ್ಜೆಂಟೀನಾ ದೇಶದಲ್ಲಿ ೨೦೧೩ರಲ್ಲಿ ಒಬ್ಬ ಅಭಿಮಾನಿಯು ಮಡಿದ ತರುವಾಯ ಪರಸ್ಥಳದವರ ಪ್ರವೇಶವನ್ನೇ ನಿಷೇಧಿಸಿದರು. ಬೇನೆಯು ನಿಜವಾದುದೇ, ಆದರೆ ಆ ಔಷಧದಿಂದ ಬಯಲಿನ ಸುತ್ತ ಒಂದೇ ಬಣ್ಣ, ಒಂದೇ ಕೂಗು ಉಳಿಯಿತು.

ಪಾಲು ಕಡಿಯುವವನು ತನ್ನ ಪಾಲನ್ನೂ ಕಳೆದುಕೊಳ್ಳುವನೆಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ದೃಷ್ಟಾಂತವುಂಟು. ಅಲ್ಲಿಯ ರೇಂಜರ್ಸ್ ಮತ್ತು ಸೆಲ್ಟಿಕ್ ಸಂಘಗಳದು ನೂರು ವರ್ಷಗಳಿಗೂ ಮೀರಿದ ವೈರ. ಆದರೂ ಒಬ್ಬರು ಇನ್ನೊಬ್ಬರಿಗೆ ಸುಮಾರು ೭,೦೦೦ ತಿಕೀಟುಗಳನ್ನು ಕೊಡುವುದು ರೂಢಿಯಾಗಿತ್ತು. ೨೦೧೮ರಲ್ಲಿ ರೇಂಜರ್ಸ್‌ನವರು ಅದನ್ನು ಸುಮಾರು ೮೦೦ಕ್ಕೆ ಇಳಿಸಿದರು. ಸೆಲ್ಟಿಕ್‌ನವರು ಅದೇ ಅಳತೆಯಿಂದ ತಿರುಗಿ ಅಳೆದರು. ಬರುಬರುತ್ತ ಆ ಪಾಲು ಪೂರ್ಣವಾಗಿ ಸೊನ್ನೆಯಾಯಿತು. ಕೊನೆಗೆ ಇಬ್ಬರೂ ಬೇಸತ್ತು ನೂರಕ್ಕೆ ಐದರಂತೆ ಕೊಡುವುದೆಂದು ಒಪ್ಪಂದ ಮಾಡಿಕೊಂಡು, ೨೦೨೫ರ ಜನವರಿ ೨ರ ಪಂದ್ಯದಲ್ಲಿ ಪರಸ್ಥಳದವರನ್ನು ಮತ್ತೆ ಒಳಗೆ ಬಿಟ್ಟುಕೊಂಡರು. ಸಾಮು ಮಾಡುವವನಿಗೆ ಎದುರು ಪೈಲವಾನನಿಲ್ಲದೆ ಗರಡಿಯಲ್ಲಿ ಎಷ್ಟು ದಿನ ತಾನೇ ತೊಡೆ ತಟ್ಟಿಕೊಂಡಾನು?

ಪಾಲು ಕೊಟ್ಟರಷ್ಟೇ ಸಾಲದು. ಕೊಡುವಾಗ ಬರುವವರ ಸಂಖ್ಯೆಯನ್ನೂ ಬಾಗಿಲಿನ ಅಗಲವನ್ನೂ ಅಳೆಯಬೇಕು. ೧೯೮೯ರ ಏಪ್ರಿಲ್ ೧೫ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಬಯಲಿನಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸಂಘಗಳಿಗೆ ಪಂದ್ಯವಿತ್ತು. ಬಯಲು ಇಬ್ಬರದೂ ಅಲ್ಲ, ಇಬ್ಬರೂ ಪರಸ್ಥಳದವರೇ. ಲಿವರ್‌ಪೂಲಿನ ಅಭಿಮಾನಿಗಳ ಸಂಖ್ಯೆ ದೊಡ್ಡದು. ಅವರಿಗೆ ಹಂಚಿದ ಭಾಗವು ಮಾತ್ರ ಚಿಕ್ಕದು. ಎರಡೂ ಕಡೆಯವರು ಬರುವ ದಾರಿಗಳು ಕೂಡಬಾರದೆಂಬ ಪೋಲೀಸರ ಆಲೋಚನೆಯಿಂದ ಹಾಗಾಯಿತು. ನಿಂತು ನೋಡುವ ೧೦,೦೦೦ಕ್ಕೂ ಮಿಕ್ಕಿದ ಜನರು ಒಬ್ಬೊಬ್ಬರನ್ನೇ ಬಿಡುವ ೭ ತಿರುಗುಬಾಗಿಲುಗಳಿಂದ ಒಳಸೇರಬೇಕಾಯಿತು. ಹೊರಗೆ ನೂಕುನುಗ್ಗಲು ಮಿತಿಮೀರಿದಾಗ ಪೋಲೀಸರು ಬೇರೊಂದು ದೊಡ್ಡ ಬಾಗಿಲನ್ನು ತೆರೆಸಿದರು. ಜನಪ್ರವಾಹವು ಮೊದಲೇ ತುಂಬಿ ತುಳುಕುತ್ತಿದ್ದ ನಡುವಣ ಕಟಕಟೆಗಳಿಗೆ ನುಗ್ಗಿತು. ಮುಂದೆ ಕಬ್ಬಿಣದ ಬೇಲಿ. ಆ ದಿನದ ಗಾಯಗಳಿಂದ ಸತ್ತವರು ಒಟ್ಟು ೯೭ ಜನರು. ಅಭಿಮಾನಿಗಳದೇ ತಪ್ಪೆಂದು ಬಹುಕಾಲ ದೂರಿದರು. ೨೦೧೬ರಲ್ಲಿ ಪಂಚರು ವಿಚಾರಣೆ ನಡೆಸಿ, ಅವರದೇನೂ ತಪ್ಪಿಲ್ಲವೆಂದು ತೀರ್ಪಿತ್ತರು. ಸತ್ತವರ ತಾಯಿತಂದೆಗಳು ಆ ಒಂದು ಮಾತಿಗಾಗಿ ೨೭ ವರ್ಷ ಕಾದರು.

ಸೀಮೆಯಾಚೆಯವರ ದೋಷಗಳನ್ನು ಇಷ್ಟು ವಿಸ್ತಾರವಾಗಿ ಹೇಳಿದ ನಮ್ಮ ಪೂರ್ವಚರಿತ್ರೆಯನ್ನೂ ವಾಚಕರು ಕೇಳಬೇಕು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾವು ಈ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಆ ಊರಿಗೂ ಹಳ್ಳದಾಚೆಯ ಇನ್ನೊಂದು ಊರಿಗೂ ಕಬಡ್ಡಿಯಲ್ಲಿ ಬಹುಕಾಲದ ಹಟ. ಅಂತಿಮ ಪಂದ್ಯವು ನಮ್ಮ ಶಾಲೆಯ ಅಂಗಳದಲ್ಲಿ ಗೊತ್ತಾಯಿತು. ವ್ಯವಸ್ಥೆಯೆಲ್ಲ ನಮ್ಮ ಕೈಯಲ್ಲಿತ್ತು. ಎದುರೂರಿನವರ ಕೂಗಾಟದಿಂದ ನಮ್ಮ ಹುಡುಗರು ಎದೆಗುಂದಬಾರದೆಂದು ನಾವು ಒಂದು ಯುಕ್ತಿ ಮಾಡಿದೆವು. ಪಡಸಾಲೆಯನ್ನೂ ಬೇವಿನ ಮರಗಳ ನೆರಳನ್ನೂ ನಮ್ಮೂರಿನವರಿಗೆ ಕೊಟ್ಟೆವು. ಎದುರೂರಿನವರಿಗೆ ಐವತ್ತು ಚೀಟಿಗಳನ್ನು ಮಾತ್ರ ಕಳಿಸಿ, ಹಾಳುಗೋಡೆಯ ಪಕ್ಕದ ಇಕ್ಕಟ್ಟಾದ ಬಿಸಿಲು ಪಟ್ಟಿಯನ್ನು ಗುರುತುಮಾಡಿದೆವು. ಸುಣ್ಣದ ಗೆರೆಯನ್ನು ಎಳೆದದ್ದು ಇದೇ ಕೈ. ಅವರಾದರೋ ಎರಡು ಟ್ರ್ಯಾಕ್ಟರುಗಳಲ್ಲಿ ನೂರಕ್ಕೂ ಹೆಚ್ಚು ಜನರು ಬಂದರು. ಬರುವರೆಂದು ನಮಗೆ ಗೊತ್ತೂ ಇತ್ತು. ನಿಲ್ಲಲು ಸ್ಥಳವಿಲ್ಲದೆ ಮಕ್ಕಳು ಗೋಡೆಯನ್ನು ಹತ್ತಿದರು. ಕಲ್ಲು ಜಾರಿತು, ಹತ್ತು ವರ್ಷದ ಹುಡುಗನೊಬ್ಬನು ಕೆಳಗೆ ಬಿದ್ದು ಅವನ ಬಲಗೈ ಮುರಿಯಿತು.

ಪಂದ್ಯವನ್ನು ನಮ್ಮವರೇ ಗೆದ್ದರು. ಸಂಜೆಗೆ ಆ ಊರಿನ ಮಾಸ್ತರರು ನಮ್ಮ ಹತ್ತಿರ ಬಂದು ಸಿಟ್ಟಿಲ್ಲದೆ, "ಮಾಸ್ತರ್ರ, ಬರಬ್ಯಾಡ್ರಿ ಅಂದಿದ್ರ ನಾವು ಬರ್ತಿದ್ದಿಲ್ರಿ. ಬರ್ರಿ ಅಂತ ಕರದು ನಿಂದ್ರಾಕ ಜಾಗಾ ಕೊಡಲಿಲ್ರಿ" ಎಂದು ಹೇಳಿ ಹೊರಟುಹೋದರು. ಗೋಡೆ ಹತ್ತಬೇಡಿರೆಂದು ಹೇಳಿದ್ದೆವಲ್ಲ ಎಂಬ ಸಮಾಧಾನವನ್ನು ನಾವು ಬಹಳ ವರ್ಷ ಹೇಳಿಕೊಂಡೆವು. ಹುಡುಗನ ಕೈ ಕೂಡಿತು, ಆದರೆ ಡೊಂಕಾಗಿ ಉಳಿಯಿತೆಂದು ಕೇಳಿದೆವು. ನೋಡಲು ಹೋಗಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಶಾಲಿನೊಳಗೆ ಮುಷ್ಟಿ ಬಿಗಿಹಿಡಿದು ಕುಳಿತಿದ್ದ ಬಾಲಕನನ್ನು ನೋಡುತ್ತಿದ್ದಾಗ ನಮ್ಮ ಕಣ್ಣೆದುರಿಗಿದ್ದುದು ಆ ಹಾಳುಗೋಡೆ.

ಊರಿಗೆ ಮರಳಿದ ವಾರದಲ್ಲಿಯೇ ಹಳ್ಳದಾಚೆಯ ಊರಿಗೆ ಹೋದೆವು. ಆ ಹುಡುಗನು ಈಗ ಎರಡು ಮಕ್ಕಳ ತಂದೆ. ತೊಗರಿಯ ರಾಶಿಯ ಹತ್ತಿರ ನಿಂತಿದ್ದನು. ಬಲಗೈ ಮೊಣಕೈಯ ಬಳಿ ಪೂರ್ತಿ ಚಾಚುವುದಿಲ್ಲ. ನಾವು ಯಾರೆಂದು, ಏಕೆ ಬಂದೆವೆಂದು ಹೇಳಿ, ಗೆರೆ ಎಳೆದವರು ನಾವೇ ಎಂದೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಲ್ಯಾಗ ಬರಿಯೂದು ತ್ರಾಸ ಆತ್ರಿ, ಅದಕ ಬಿಟ್ಟೆ" ಎಂದನು. ಈ ಮಾತನ್ನು ಕೇಳಲು ನಾವು ಸಿದ್ಧರಾಗಿ ಹೋಗಿರಲಿಲ್ಲ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಕೇಳುವ ಧೈರ್ಯವೂ ನಮಗಿರಲಿಲ್ಲ. ಹೊರಡಲು ಎದ್ದಾಗ ಮಾತ್ರ, "ಬಿಸಲಾಗ ಬಂದೀರಿ, ಊಟಾ ಮಾಡ್ಕೊಂಡು ಹೋಗ್ರಿ" ಎಂದು ಒಳಗೆ ಕರೆದನು. ರೊಟ್ಟಿಯ ಬುಟ್ಟಿಯಲ್ಲಿ ನಮಗಾಗಿ ಹೊಸದಾಗಿ ಬಡಿಯುವ ಅವಶ್ಯಕತೆ ಬೀಳಲಿಲ್ಲ.

ಈ ವರ್ಷದ ಆಟಗಳ ಮೊದಲು ನಾವು ನಮ್ಮ ಹಳೆಯ ಶಾಲೆಗೆ ಹೋಗಿ, ಅಲ್ಲಿಯ ತರುಣ ಶಿಕ್ಷಕರಿಗೆ ಎರಡೇ ಬಿನ್ನಹಗಳನ್ನು ಮಾಡಿಕೊಂಡೆವು: ಬೇವಿನ ನೆರಳನ್ನು ಎಳೆಯಲ್ಲಿ ಅಳೆದು ಅರ್ಧವನ್ನು ಬರುವವರಿಗೆ ಬಿಡಬೇಕು, ಕುಡಿಯುವ ನೀರಿನ ಕೊಡಗಳನ್ನು ಅವರ ಬದಿಯಲ್ಲಿಯೇ ಇಡಬೇಕು. ಗೆರೆಯನ್ನು ಯಾರು ಎಳೆಯುವರೆಂದು ಅವರು ಕೇಳಿದರು. ಸುಣ್ಣದ ಬುಟ್ಟಿಯನ್ನು ನಾವೇ ತೆಗೆದುಕೊಂಡೆವು.