ಕೆಂಪಾಗದ ತಪ್ಪು

ಕಳೆದ ಡಿಸೆಂಬರ್‌ನಲ್ಲಿ ನನ್ನ ತಂಗಿ ದೊಡ್ಡಬಳ್ಳಾಪುರದಿಂದ ಫೋನ್ ಮಾಡಿದಳು. “ಆಪಾ, ಇವಳನ್ನು ಎರಡು ವಾರ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನೀವು ಹೇಳಿದರೆ ಕೇಳುತ್ತಾಳೆ” ಎಂದಳು. ‘ಇವಳು’ ಎಂದರೆ ಅವಳ ಹಿರಿಯ ಮಗಳು. ಬೆಂಗಳೂರಿನ ಕಾಲೇಜೊಂದರಲ್ಲಿ ಆರ್ಕಿಟೆಕ್ಚರ್ ಮೂರನೆಯ ವರ್ಷ. ಕೇಳಬೇಕಾದ ಮಾತು ಏನೆಂಬುದೂ ನನಗೆ ಗೊತ್ತಿತ್ತು. ಐದು ವರ್ಷದ ಓದು, ಮಗ್ಗದ ಕೂಲಿಯಲ್ಲಿ ಕಟ್ಟುವ ಫೀಸು, ಅದರ ಮೇಲೆ ಆ ತಿಂಗಳು ಮಾದರಿ ಸರಿಯಿಲ್ಲವೆಂದು ಜ್ಯೂರಿಯವರು ವಾಪಸು ಕಳಿಸಿದ್ದರು. ಹುಡುಗನ ಕಡೆಯವರು ಒಮ್ಮೆ ಬಂದು ಹೋಗಿದ್ದರು. ಓದು ನಿಲ್ಲಿಸು ಎಂದು ಮೃದುವಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸತ್ಯ ಹೇಳುತ್ತೇನೆ, ನಾನು ಒಪ್ಪಿಕೊಂಡಿದ್ದೆ.

ನಮ್ಮ ಹಳ್ಳಿ ಘಾಟಿ ಸುಬ್ರಹ್ಮಣ್ಯದ ಮಗ್ಗುಲಲ್ಲಿದೆ. ಡಿಸೆಂಬರ್ ಎಂದರೆ ಇಲ್ಲಿ ದನಗಳ ಜಾತ್ರೆಯ ಕಾಲ. ದೂರದ ಜಿಲ್ಲೆಗಳಿಂದ ಹಳ್ಳಿಕಾರ್ ಜೋಡಿಗಳು ಬರುತ್ತವೆ, ರೈತರು ತಮ್ಮ ಎತ್ತುಗಳಿಗೆ ಮದುವೆ ಮನೆಯಂತೆ ಪೆಂಡಾಲ್ ಹಾಕಿಸುತ್ತಾರೆ. ನನ್ನ ಅಬ್ಬಾ ಈ ಜಾತ್ರೆಯಲ್ಲಿ ಹಗ್ಗ, ಗೆಜ್ಜೆ, ಮೂಗುದಾರ ಮಾರುತ್ತಿದ್ದವರು. ಸಂಜೆಯ ಬಿಸಿಲು ಅಡ್ಡಡ್ಡ ಬಂದು ಕಣ್ಣಿಗೆ ಹೊಡೆಯುವಾಗ ಗೋಣಿತಾಟು ಎಳೆದು ಕಟ್ಟುತ್ತಿದ್ದುದು ನನಗೆ ಇನ್ನೂ ನೆನಪಿದೆ. ಹುಡುಗಿಯ ಪ್ರಾಜೆಕ್ಟೂ ಅದೇ ಆಗಿತ್ತು. ಜಾತ್ರೆಗೆ ಬರುವವರಿಗೆ ಒಂದು ತಂಗುದಾಣ, ಅದರ ಪಶ್ಚಿಮದ ಗೋಡೆಗೆ ಒಂದು ಜಾಲಿ. ಬಿಸಿಲು ಜೋರಾಗಿ ಬೀಳುವೆಡೆ ತೂತು ಸಣ್ಣದು, ನೆರಳಿರುವೆಡೆ ದೊಡ್ಡದು. ತೂತುಗಳೆಲ್ಲ ಎಂಟು ಮೂಲೆಯ ನಕ್ಷತ್ರ. 13 ಸಾಲು ಅಡ್ಡ, 8 ಸಾಲು ಉದ್ದ, ಒಟ್ಟು 104.

ಬಂದ ದಿನ ರಾತ್ರಿ ಇಶಾ ನಮಾಝ್ ಮುಗಿಸಿ ಅವಳ ಪಕ್ಕ ಕುಳಿತೆ. ಲ್ಯಾಪ್‌ಟಾಪ್ ಪರದೆಯ ತುಂಬ ಸಣ್ಣ ಸಣ್ಣ ಪೆಟ್ಟಿಗೆಗಳು, ಒಂದರಿಂದ ಇನ್ನೊಂದಕ್ಕೆ ಎಳೆದ ತಂತಿಗಳು.

“ಇದೇನು, ಕರೆಂಟ್ ವೈರಿಂಗಾ?” ಎಂದೆ.

“ಗ್ರಾಸ್‌ಹಾಪರ್ ಖಾಲಾ. ರೈನೋ ಅನ್ನುವ ಸಾಫ್ಟ್‌ವೇರ್ ಒಳಗೆ ಇರುತ್ತದೆ. ಇದರಲ್ಲಿ ಚಿತ್ರ ಬಿಡಿಸುವುದಿಲ್ಲ, ಚಿತ್ರ ಹೇಗೆ ಆಗಬೇಕು ಅಂತ ಹೇಳುತ್ತೇವೆ. ಸಂಖ್ಯೆ ಬದಲಾಯಿಸಿದರೆ ಚಿತ್ರ ತಾನೇ ಬದಲಾಗುತ್ತದೆ.”

ಒಂದು ಕಡೆ ಉದ್ದನೆಯ ಗುಂಡಿ. ಅದನ್ನು ಬೆರಳಿನಿಂದ ಸರಿಸಿದಳು. ನಕ್ಷತ್ರಗಳೆಲ್ಲ ಒಮ್ಮೆಗೇ ಹಿಗ್ಗಿದವು, ಕುಗ್ಗಿದವು. ಗ್ರಾಸ್‌ಹಾಪರ್ ಎಂದರೆ ಮಿಡತೆ. ಡೇವಿಡ್ ರುಟನ್ ಎಂಬವರು ರೂಪಿಸಿದ್ದು, 2007ರಲ್ಲಿ ಬೇರೆ ಹೆಸರಿನಿಂದ ಮೊದಲು ಹೊರಬಂದಿತಂತೆ. ಇದನ್ನೆಲ್ಲ ಅವಳೇ ಹೇಳಿದಳು. ಅವಳ ಬಳಿಯಿದ್ದದ್ದು 90 ದಿನಗಳ ಪ್ರಯೋಗದ ಪ್ರತಿ. ಆಮೇಲೆ ಮಾಡಿದ ಕೆಲಸವನ್ನು ಸೇವ್ ಮಾಡಲು ಬರುವುದಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಕಳೆದುಹೋಗಿದ್ದವು.

ನಾನು ಆ ಗುಂಡಿಯನ್ನು ನೋಡುತ್ತಾ ಕುಳಿತವಳಿಗೆ ಥಟ್ಟನೆ ಮದ್ರಸಾದ ಮೊದಲ ವರ್ಷದ ‘ಮೀಝಾನುಸ್ಸರ್ಫ್’ ನೆನಪಾಯಿತು. ಅರಬಿ ವ್ಯಾಕರಣ ಓದಿದ ಸಹೋದರಿಯರಿಗೆ ಇದು ಗೊತ್ತಿರುತ್ತದೆ. ಫಾ, ಐನ್, ಲಾಮ್ ಎಂಬ ಮೂರಕ್ಷರಗಳ ಅಚ್ಚುಗಳಿವೆ. ಕಾಫ್, ತಾ, ಬಾ ಎಂಬ ಮೂಲಾಕ್ಷರಗಳನ್ನು ‘ಫಾಇಲ್’ ಅಚ್ಚಿಗೆ ಹಾಕಿದರೆ ಕಾತಿಬ್, ಬರೆಯುವವನು. ‘ಮಫ್‌ಊಲ್’ ಅಚ್ಚಿಗೆ ಹಾಕಿದರೆ ಮಕ್ತೂಬ್, ಬರೆಯಲ್ಪಟ್ಟದ್ದು. ಅಕ್ಷರಗಳನ್ನು ನೂನ್, ಸಾದ್, ರಾ ಎಂದು ಬದಲಿಸಿ, ಅದೇ ಅಚ್ಚಿನಿಂದ ನಾಸಿರ್, ಮನ್ಸೂರ್ ಬರುತ್ತವೆ. ಅಚ್ಚು ಒಂದೇ, ಒಳಗೆ ಹಾಕುವುದು ಮಾತ್ರ ಬೇರೆ. ಇದನ್ನು ಹುಡುಗಿಗೆ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟಳು. “ಖಾಲಾ, ನಮ್ಮ ಸರ್ ಒಂದು ಸೆಮಿಸ್ಟರ್ ಪೂರ್ತಿ ಹೇಳಿದ್ದು ಇದನ್ನೇ” ಎಂದಳು.

“ಅಚ್ಚಿಗೆ ಹಾಕಿದ್ದೆಲ್ಲ ನೆಟ್ಟಗೆ ಬರುತ್ತದೆಂದು ತಿಳಿಯಬೇಡ. ವಾವ್, ಅಲಿಫ್, ಯಾ ಇವೆಯಲ್ಲ, ಇವಕ್ಕೆ ಹುರೂಫೆ ಇಲ್ಲತ್ ಎನ್ನುತ್ತಾರೆ, ಕಾಯಿಲೆಯ ಅಕ್ಷರಗಳು. ಮೂಲದಲ್ಲಿ ವಾವ್ ಇದ್ದರೆ ‘ಖವಲ’ ಆಗಬೇಕಾದದ್ದು ‘ಖಾಲ’ ಆಗುತ್ತದೆ.”

“ಖಾಲಾ ಅಂದರೇ ಕಾಯಿಲೆ ಅನ್ನಿ!” ಎಂದು ನಕ್ಕಳು. ಅವಳು ಬಂದ ಮೇಲೆ ನಕ್ಕದ್ದು ಅದೇ ಮೊದಲು. ನಾನು ಹೇಳಬೇಕೆಂದಿದ್ದ ಮಾತನ್ನು ಆ ರಾತ್ರಿ ಹೇಳಲಿಲ್ಲ.

ಮರುದಿನ ಅವಳ ನಕ್ಷತ್ರವನ್ನು ದೊಡ್ಡದಾಗಿ ತೋರಿಸಲು ಹೇಳಿದೆ. ನಮ್ಮ ಮನೆಯಲ್ಲಿ ಮದೀನಾ ಮುದ್ರಣದ ಮುಸ್‌ಹಫ್ ಇದೆ. ಅದರಲ್ಲಿ ಹಿಝ್ಬ್‌ನ ಕಾಲು ಭಾಗ ಶುರುವಾಗುವ ಕಡೆಯಲ್ಲೆಲ್ಲ ಒಂದು ಗುರುತು ಇರುತ್ತದೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟಂತೆ, ಎಂಟು ಮೂಲೆ. ಇಪ್ಪತ್ತು ವರ್ಷಗಳಿಂದ ದಿನವೂ ನೋಡುವ ಗುರುತು. ಅವಳ ನಕ್ಷತ್ರಕ್ಕೂ ಎಂಟು ಮೂಲೆ ಇತ್ತು. ಆದರೆ ಕಣ್ಣಿಗೆ ಕಿರಿಕಿರಿ. ಎರಡು ಮೂಲೆಗಳ ನಡುವಿನ ಸಂದು ಒಂದು ಅಗಲ, ಮುಂದಿನದು ಕಿರಿದು, ಮತ್ತೆ ಅಗಲ.

“ಇದು ಸೊಟ್ಟಗಿದೆ” ಎಂದೆ.

“ಇಲ್ಲ ಖಾಲಾ. 45 ಡಿಗ್ರಿ ಅಂತಲೇ ಕೊಟ್ಟಿದ್ದೇನೆ. ತಪ್ಪಿದ್ದರೆ ಪೆಟ್ಟಿಗೆ ಕೆಂಪಾಗುತ್ತದೆ. ಸಂದೇಹವಿದ್ದರೆ ಕಿತ್ತಳೆ. ಎಲ್ಲ ಬೂದು ಬಣ್ಣವೇ ಇದೆಯಲ್ಲ?”

ಜ್ಯೂರಿಯವರೂ ‘ಪ್ರಪೋರ್ಷನ್ ಸರಿಯಿಲ್ಲ’ ಎಂದಿದ್ದರಂತೆ, ಎಲ್ಲಿ ಎಂದು ಹೇಳಿರಲಿಲ್ಲ. ಅವಳು ಮೂರು ವಾರದಿಂದ ಸಾಲುಗಳ ಅಂತರವನ್ನು ಬದಲಾಯಿಸುತ್ತಿದ್ದಳು, ತೂತಿನ ಅಳತೆಯನ್ನು ಬದಲಾಯಿಸುತ್ತಿದ್ದಳು. ಕೆಂಪಾಗದ ಪೆಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ.

ನನಗೆ ಕಂಪ್ಯೂಟರ್ ಬಾರದು. ಆದರೆ ಕೋನಮಾಪಕ ಹಿಡಿಯಲು ಬರುತ್ತದೆ. ಮಕ್ಕಳ ಜಾಮಿಟ್ರಿ ಪೆಟ್ಟಿಗೆಯಿಂದ ತಂದು ಪರದೆಯ ಮೇಲೇ ಇಟ್ಟೆ. 45 ಇರಬೇಕಾದ ಕಡೆ ಒಂದು ಸಂದು 58, ಇನ್ನೊಂದು 32. ಮತ್ತೆ 58, ಮತ್ತೆ 32. ತಪ್ಪಿಗೂ ಒಂದು ಲೆಕ್ಕ ಇತ್ತು. ಲೆಕ್ಕ ಇರುವ ತಪ್ಪಿಗೆ ಕಾರಣವೂ ಇರಲೇಬೇಕು.

ಕಾರಣ ಸಿಕ್ಕಿದ್ದು ಅಸರ್ ನಂತರ. ತಿರುಗಿಸುವ ಪೆಟ್ಟಿಗೆಯ ಮೇಲೆ ಮೌಸ್ ಇಟ್ಟಾಗ ಬರುವ ವಿವರವನ್ನು ಅವಳು ಮೊದಲ ಸಲ ಪೂರ್ತಿ ಓದಿದಳು. ಕೋನವನ್ನು ರೇಡಿಯನ್‌ನಲ್ಲಿ ಕೊಡಬೇಕು ಎಂದಿತ್ತು! ಅವಳು ಡಿಗ್ರಿ ಎಂದುಕೊಂಡು 45 ಕೊಟ್ಟಳು, ಅದು 45 ರೇಡಿಯನ್ ಎಂದುಕೊಂಡಿತು. ಯಂತ್ರ ಹೇಳಿದ್ದನ್ನೇ ಮಾಡಿತ್ತು, ಕೆಂಪಾಗುವುದೇಕೆ?

ರೇಡಿಯನ್ ಎಂದರೇನೆಂದು ಪಿಯುಸಿಯಲ್ಲಿ ಓದಿದ್ದಳು, ಮರೆತಿದ್ದಳು. ನಾನು ಅಡುಗೆಮನೆಯಿಂದ ಪಾತ್ರೆಯ ಮುಚ್ಚಳ, ಹೊಲಿಗೆ ದಾರ ತಂದೆ. ಮುಚ್ಚಳದ ನಡುವಿನಿಂದ ಅಂಚಿನವರೆಗೆ ದಾರ ಅಳೆದು ಕತ್ತರಿಸಿ, ಅದೇ ದಾರವನ್ನು ಅಂಚಿನ ಮೇಲೆ ಬಾಗಿಸಿಟ್ಟೆ. ಅಷ್ಟು ದೂರ ತಿರುಗಿದರೆ ಒಂದು ರೇಡಿಯನ್, 57 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಇಡೀ ಸುತ್ತಿಗೆ ಆರು ದಾರ ಬೇಕು, ಆಮೇಲೂ ಕಾಲು ದಾರಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಆ ‘ತುಸು’ ಎಷ್ಟೆಂದು ಸಮರ್ಕಂದಿನ ಅಲ್ ಕಾಶಿ 1424ರಲ್ಲೇ ದಶಮಾಂಶದ 16 ಸ್ಥಾನಗಳಿಗೆ ಸಮನಾದ ಸೂಕ್ಷ್ಮದವರೆಗೆ ಲೆಕ್ಕ ಹಾಕಿದ್ದರು. ನಮ್ಮ ಲೆಕ್ಕ ಅಷ್ಟು ದೊಡ್ಡದಲ್ಲ. 45 ರೇಡಿಯನ್ ಎಂದರೆ 2578 ಡಿಗ್ರಿ ಚಿಲ್ಲರೆ. ಏಳು ಪೂರ್ತಿ ಸುತ್ತಿಗೆ 2520 ಕಳೆಯಿರಿ. ಉಳಿದದ್ದು 58! ಪಾಪದ ಚೌಕ ಏಳು ಸುತ್ತು ಸುತ್ತಿ ಬಂದು ನಿಂತಿತ್ತು.

ಕೋನದ ತಂತಿ ಸೇರುವ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿದರೆ ‘ಡಿಗ್ರೀಸ್’ ಎಂದು ಇರುತ್ತದೆ. ಅದಕ್ಕೊಂದು ಗುರುತು ಹಾಕಿದಳು. 104 ನಕ್ಷತ್ರಗಳೂ ಒಂದೇ ಕ್ಷಣದಲ್ಲಿ ನೆಟ್ಟಗಾದವು. ಸುಬ್‌ಹಾನಲ್ಲಾಹ್ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಅಂದು ಅವಳಿಗೆ ಅಬುಲ್ ವಫಾ ಅಲ್ ಬೂಝ್‌ಜಾನಿಯವರ ಬಗ್ಗೆ ಹೇಳಿದೆ. ಹುಟ್ಟಿದ್ದು ಕ್ರಿ.ಶ. 940ರಲ್ಲಿ ಖುರಾಸಾನ್‌ನಲ್ಲಿ, ಕೆಲಸ ಮಾಡಿದ್ದು ಬಗ್ದಾದಿನಲ್ಲಿ. ಕುಶಲಕರ್ಮಿಗಳಿಗೆ ಬೇಕಾಗುವ ರೇಖಾಗಣಿತದ ಬಗ್ಗೆಯೇ ಒಂದು ಗ್ರಂಥ ಬರೆದವರು. ಕಸುಬುದಾರರೂ ಗಣಿತಜ್ಞರೂ ಕೂಡಿದ ಸಭೆಯಲ್ಲಿ ತಾವು ಕಂಡದ್ದನ್ನು ಅದರಲ್ಲಿ ದಾಖಲಿಸಿದ್ದಾರೆ. ಮೂರು ಸಮ ಚೌಕಗಳನ್ನು ಕತ್ತರಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆಂಬುದು ಪ್ರಶ್ನೆ. ಗಣಿತಜ್ಞರು ರೇಖೆಯಲ್ಲಿ ಸಾಧಿಸಿದರೂ ತುಂಡುಗಳನ್ನು ಕೂಡಿಸಿ ತೋರಿಸಲಾಗಲಿಲ್ಲ. ಕಸುಬುದಾರರು ಕೂಡಿಸಿ ತೋರಿಸಿದ್ದು ಕಣ್ಣಿಗೆ ಸರಿಯಿತ್ತು, ಲೆಕ್ಕಕ್ಕೆ ಸರಿಯಿರಲಿಲ್ಲ. ಅವರು ಇಬ್ಬರ ತಪ್ಪನ್ನೂ ತೋರಿಸಿದರು. ನನಗೆ ಈ ಪ್ರಸಂಗ ಬಹಳ ಇಷ್ಟ. ನಮ್ಮ ಮನೆಗಳಲ್ಲಿ ಓದಿದವರು ಮೇಸ್ತ್ರಿಯ ಮಾತು ಕೇಳುವುದಿಲ್ಲ, ಮೇಸ್ತ್ರಿ ನಕಾಶೆ ನೋಡುವುದಿಲ್ಲ.

ಇನ್ನೂ ಒಂದು ನೆನಪಾಯಿತು. ವಿಜಯಪುರದ ಗೋಲ್ ಗುಂಬಝ್‌ನ ಒಳಗೆ ನಿಂತು ಕತ್ತೆತ್ತಿದವರು ಕಂಡಿರುತ್ತಾರೆ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟವನ್ನು ಹೊತ್ತಿರುವುದು ಒಂದರೊಳಗೊಂದು ಹೆಣೆದ ಎಂಟು ಕಮಾನುಗಳು. ಮೇಲಿನಿಂದ ಚಿತ್ರಿಸಿದರೆ ಎರಡು ಚೌಕ, ಒಂದರ ಮೇಲೊಂದು ಓರೆಯಾಗಿ. ಮುಹಮ್ಮದ್ ಆದಿಲ್ ಶಾಹ್ 1656ರಲ್ಲಿ ತೀರಿಕೊಂಡ ನಂತರ ಅಲ್ಲೇ ದಫನ್ ಆದರು. ಅಲ್ಲಿಯ ಶಿಲ್ಪಿಗಳು 58 ಡಿಗ್ರಿ ತಿರುಗಿಸಿದ್ದರೆ ಗುಮ್ಮಟ ನಿಲ್ಲುತ್ತಿತ್ತೇ?

ಹುಡುಗಿಯ ಬಾಯಲ್ಲಿ ಸದಾ ಝಹಾ ಹದೀದ್ ಹೆಸರು. ಬಗ್ದಾದಿನಲ್ಲಿ 1950ರಲ್ಲಿ ಹುಟ್ಟಿ, 2004ರಲ್ಲಿ ಪ್ರಿಟ್ಝ್‌ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಬಾಕುವಿನಲ್ಲಿ ಅವರು ವಿನ್ಯಾಸ ಮಾಡಿದ ಅಲೆಯಂತಹ ಕಟ್ಟಡದ ಚಿತ್ರ ತೋರಿಸಿದಳು. ಗೋಡೆ ಎಲ್ಲಿ ಮುಗಿಯಿತು, ಸೂರು ಎಲ್ಲಿ ಶುರುವಾಯಿತೆಂದು ನನಗೆ ತಿಳಿಯಲಿಲ್ಲ. ಅಬುಧಾಬಿಯ ಅಲ್ ಬಹರ್ ಗೋಪುರಗಳು ಹೆಚ್ಚು ಹಿಡಿಸಿದವು. ಬಿಸಿಲು ಬಂದಾಗ ತೆರೆದು, ಹೋದಾಗ ಮಡಚಿಕೊಳ್ಳುವ ಮಶ್ರಬಿಯ್ಯಾ ಜಾಲಿ ಅವಕ್ಕಿದೆ. ಅಬ್ಬಾ ಎಳೆದು ಕಟ್ಟುತ್ತಿದ್ದ ಗೋಣಿತಾಟಿನ ಕೆಲಸವನ್ನೇ ಅದು ತಾನಾಗಿ ಮಾಡುತ್ತದೆ.

ಉಳಿದ ತೊಂದರೆಗಳು ಬೇಗ ಬಗೆಹರಿದವು. ಕೆಳಗಿನ ನಾಲ್ಕು ಸಾಲಿನ ತೂತುಗಳು ಯಾಕೆ ಒಂದೇ ಅಳತೆ ಎಂಬುದು ಒಂದು. 8 ಸಾಲಿಗೆ 5 ಅಳತೆಗಳನ್ನಷ್ಟೇ ಕೊಟ್ಟಿದ್ದಳು. ಪಟ್ಟಿ ಮುಗಿದರೆ ಈ ಸಾಫ್ಟ್‌ವೇರ್ ಕೊನೆಯದನ್ನೇ ಮತ್ತೆ ಮತ್ತೆ ಬಳಸುತ್ತದೆ. ತರಗತಿಯಲ್ಲಿ ಎಂಟು ಮಕ್ಕಳು, ಐದು ಕಾಯಿದಾ ಇದ್ದಾಗ ಕೊನೆಯ ಮೂವರು ಐದನೆಯವಳ ಪುಸ್ತಕಕ್ಕೆ ಇಣುಕುವುದಿಲ್ಲವೇ, ಹಾಗೆ. ಗುಂಡಿಯನ್ನು ಕೊನೆಯವರೆಗೆ ಎಳೆದು ಲ್ಯಾಪ್‌ಟಾಪ್ ಅರ್ಧ ಗಂಟೆ ಸತ್ತಂತೆ ಬಿದ್ದದ್ದು ಇನ್ನೊಂದು. ಅದನ್ನು ಎಳೆದವಳು ನಾನು.

ದೊಡ್ಡ ಗಂಟು ಉಳಿದದ್ದು ಸುಟ್ಟ ಹಲಗೆಯದು. ಜ್ಯೂರಿಗೆ ಮುಂಚೆ ಲೇಸರ್ ಕಟಿಂಗ್ ಅಂಗಡಿಯಲ್ಲಿ ಪ್ಲೈವುಡ್ ಕತ್ತರಿಸಲು ಕೊಟ್ಟಾಗ ತೂತಿನ ಅಂಚುಗಳೆಲ್ಲ ಕರಕಲಾಗಿದ್ದವು. ಅಂಗಡಿಯವರು ಫೈಲ್ ಸರಿಯಿಲ್ಲ ಎಂದರು, ಇವಳು ಮಶೀನ್ ಸರಿಯಿಲ್ಲ ಎಂದಳು. ಹಣ ಹೋಯಿತು. ಭಾವ, ಎಂದರೆ ಅವಳ ತಂದೆ, ಕೋಪಗೊಂಡದ್ದೂ ಆ ದಿನವೇ.

ಗ್ರಾಸ್‌ಹಾಪರ್‌ನಲ್ಲಿ ಕಾಣುವುದು ಬರೀ ತೋರಿಕೆಯಂತೆ. ಅದು ನಿಜವಾದ ರೇಖೆಯಾಗಿ ರೈನೋಗೆ ಇಳಿಯಬೇಕಾದರೆ ‘ಬೇಕ್’ ಮಾಡಬೇಕು. ಹೌದು, ಒಲೆಯಲ್ಲಿ ಬೇಯಿಸುವ ಬೇಕ್! ಹಿಟ್ಟನ್ನು ಎಷ್ಟು ಸಲ ಬೇಕಾದರೂ ತಟ್ಟಬಹುದು, ಬೆಂದ ರೊಟ್ಟಿಯನ್ನು ತಟ್ಟಲಾಗದು. ಬೆಂದ ರೇಖೆ ತೋರಿಕೆಯ ರೇಖೆಯ ಅಡಿಯಲ್ಲೇ ಕೂತುಬಿಡುತ್ತದೆ, ಏನೂ ಆಗಲಿಲ್ಲವೆಂದು ಕಾಣುತ್ತದೆ. ಇವಳು ಮೂರು ಬಾರಿ ಒತ್ತಿದ್ದಳು. ನಕಲುಗಳನ್ನು ಆರಿಸುವ ‘ಸೆಲ್‌ಡಪ್’ ಎಂಬ ಆಜ್ಞೆ ಕೊಟ್ಟಾಗ 312 ರೇಖೆಗಳಲ್ಲಿ 208 ಹಳದಿಯಾದವು. ಒಂದೇ ಗೆರೆಯ ಮೇಲೆ ಲೇಸರ್ ಮೂರು ಸಲ ಓಡಿತ್ತು. ಅಂಗಡಿಯವರು ಹೇಳಿದ್ದೇ ಸರಿ. ಹುಡುಗಿ ಮುಖ ಕೆಳಗೆ ಹಾಕಿ ಕುಳಿತಳು. “ಅಬ್ಬಾಗೆ ಹೇಳಬೇಡಿ ಖಾಲಾ” ಎಂದಳು.

ಹೇಳಲೇಬೇಕು ಎಂದು ನಾನೇ ಅವಳನ್ನು ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ. ಭಾವ ಮಗ್ಗದ ಮುಂದಿದ್ದರು. ಪವರ್‌ಲೂಮ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಮಗ್ಗ ನಿಲ್ಲಿಸಿ ಹೊರಗೆ ಬಂದು ಲ್ಯಾಪ್‌ಟಾಪ್ ನೋಡಿದರು. ಹುಡುಗಿ ನಡುಗುವ ದನಿಯಲ್ಲಿ 58 ಡಿಗ್ರಿಯ ಕಥೆ, ಮೂರು ಸಲ ಬೇಯಿಸಿದ ಕಥೆ, ಎಲ್ಲ ಹೇಳಿದಳು. ಅವರು ಬಹಳ ಹೊತ್ತು ತಂತಿಗಳನ್ನೇ ನೋಡಿದರು.

“ಇದು ಜಕಾರ್ಡ್ ಅಲ್ಲವಾ ಆಪಾ?” ಎಂದು ನನ್ನನ್ನು ಕೇಳಿದರು.

ಮಗ್ಗದ ಮೇಲೆ ತೂಗುವ ತೂತಿನ ರಟ್ಟುಗಳನ್ನು ತೋರಿಸಿದರು. ರಟ್ಟಿನಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ರಟ್ಟು ಬದಲಿಸಿದರೆ ಸೆರಗಿನ ಹೂವು ಬದಲಾಗುತ್ತದೆ. “ಎಳೆ ಕಡಿದರೆ ನಮಗೆ ಕಣ್ಣಿಗೆ ಬೀಳುತ್ತದೆ, ನಿಲ್ಲಿಸಿ ಗಂಟು ಹಾಕುತ್ತೇವೆ. ರಟ್ಟಿನ ತೂತೇ ತಪ್ಪಾಗಿದ್ದರೆ ಮಗ್ಗ ನಿಲ್ಲುವುದಿಲ್ಲ. ಸೀರೆ ಪೂರ್ತಿ ಅದೇ ತಪ್ಪನ್ನು ನೇಯುತ್ತಾ ಹೋಗುತ್ತದೆ. ಅದಕ್ಕೇ ಹೊಸ ರಟ್ಟು ಹಾಕಿದಾಗ ಒಂದು ಗೇಣು ನೇಯ್ದು, ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡುತ್ತೇವೆ. ನೀನು ಒಂದೇ ಸಲಕ್ಕೆ ಪೂರ್ತಿ ಹಲಗೆ ಯಾಕೆ ಕೊಟ್ಟೆ?”

ಇದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಅದನ್ನು ಯೋಚಿಸಿರಲಿಲ್ಲ.

ಎರಡನೆಯ ಸಲ ಅಂಗಡಿಗೆ ಭಾವನೂ ಹೋದರು. ಮೊದಲು ಒಂದೇ ನಕ್ಷತ್ರ ಕತ್ತರಿಸಿ ಕೊಡಿ ಎಂದರಂತೆ. ಅಂಗೈಯಗಲದ ತುಂಡನ್ನು ಬಿಸಿಲಿಗೆ ಹಿಡಿದು ನೋಡಿ, ಅಂಚನ್ನು ಉಗುರಿನಿಂದ ಕೆರೆದು, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟರಂತೆ. ಜನವರಿಯ ಜ್ಯೂರಿಯಲ್ಲಿ ಹುಡುಗಿ ಪಾಸಾದಳು. ಅಂಕಗಳು ಹೇಳಿಕೊಳ್ಳುವಷ್ಟೇನೂ ಇಲ್ಲ. ಹುಡುಗನ ಕಡೆಯವರಿಗೆ ಓದು ಮುಗಿಯುವವರೆಗೆ ಮಾತು ಬೇಡವೆಂದು ತಂಗಿಯೇ ಹೇಳಿ ಕಳಿಸಿದ್ದಾಳೆ.

ಮೊನ್ನೆ ಅವರ ಮನೆಗೆ ಹೋದಾಗ ಆ ಅಂಗೈಯಗಲದ ನಕ್ಷತ್ರ ಮಗ್ಗದ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ನೂಲಿನ ಧೂಳು ಅದರ ಎಂಟು ಮೂಲೆಗೂ ಹತ್ತಿತ್ತು.