ಕೋಟೆಯೊಳಗಿನ ಕೊಳಗಳು

'ದುರ್ಗ' ಎಂಬ ಶಬ್ದಕ್ಕೆ ಸುಲಭವಾಗಿ ಸೇರಲಾಗದ ಸ್ಥಳ ಎಂದು ಅರ್ಥ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನೀರಿನಿಂದ ಆವೃತವಾದುದನ್ನು ಔದಕವೆಂದೂ, ಬೆಟ್ಟದ ಮೇಲಿನದನ್ನು ಪಾರ್ವತವೆಂದೂ, ಮರುಭೂಮಿಯ ನಡುವಿನದನ್ನು ಧಾನ್ವನವೆಂದೂ, ಕಾಡಿನೊಳಗಿನದನ್ನು ವನದುರ್ಗವೆಂದೂ ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಸಮಾಜ ಪಾಠ ಹೇಳಿದ ನಾನು ಈ ನಾಲ್ಕು ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯ ನಂತರ ಕೋಟೆಗಳನ್ನು ಪುಸ್ತಕದಿಂದಲ್ಲದೆ ಕಾಲಿನಿಂದ ಓದುವ ಅವಕಾಶ ಒದಗಿತು. ಅದರಲ್ಲಿ ಒಂದು ಪ್ರಯಾಣ ಬಹು ದೂರದ್ದು, ಉಳಿದವೆಲ್ಲ ನಮ್ಮ ಮನೆಯ ಹಿತ್ತಲಿನವು.

ದೂರದ್ದನ್ನೇ ಮೊದಲು ಹೇಳುತ್ತೇನೆ. ಮಗಳು ಅಳಿಯ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದಾರೆ. ಅವರಲ್ಲಿಗೆ ಹೋಗಿದ್ದಾಗ ಆಲ್ಪ್ಸ್ ಪರ್ವತದ ದಕ್ಷಿಣ ಮಗ್ಗುಲಿನ ಬೆಲ್ಲಿಂಜೋನಾ ಎಂಬ ಊರಿಗೆ ಕರೆದೊಯ್ದರು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗಾಟ್ಹಾರ್ಡ್ ಸುರಂಗವನ್ನು ಹಾದು ಸುಮಾರು ಎರಡು ಗಂಟೆಯ ರೈಲು ಪ್ರಯಾಣ. ಸುರಂಗದ ಆಚೆಗೆ ಜನ ಇಟಾಲಿಯನ್ ಮಾತನಾಡುತ್ತಾರೆ. ಟಿಚೀನೋ ಪ್ರಾಂತ್ಯದ ರಾಜಧಾನಿಯಾದ ಈ ಚಿಕ್ಕ ಊರಿನಲ್ಲಿ ಒಂದಲ್ಲ, ಮೂರು ಕೋಟೆಗಳಿವೆ: ಕಣಿವೆಯ ನಡುವಿನ ಬಂಡೆಯ ಮೇಲೆ ಕಾಸ್ಟೆಲ್‌ಗ್ರಾಂಡೆ, ಅದರೆದುರಿನ ದಿಣ್ಣೆಯಲ್ಲಿ ಮೊಂಟೆಬೆಲ್ಲೊ, ಎಲ್ಲಕ್ಕೂ ಎತ್ತರದಲ್ಲಿ ಸಾಸ್ಸೋ ಕೊರ್ಬಾರೋ. ಹದಿನೈದನೆಯ ಶತಮಾನದಲ್ಲಿ ಇಟಲಿಯ ಮಿಲಾನ್ ನಗರದ ಅರಸರು ಇವನ್ನು ಬಲಪಡಿಸಿದ್ದು, ಉತ್ತರದ ಕಣಿವೆಗಳಿಂದ ಇಳಿದು ಬರುತ್ತಿದ್ದ ಸ್ವಿಸ್ ಪಡೆಗಳನ್ನು ತಡೆಯುವುದಕ್ಕೆ. ಕಣಿವೆಯ ಅಡ್ಡಕ್ಕೆ ನದಿಯವರೆಗೂ ಗೋಡೆ ಕಟ್ಟಿ ದಾರಿಗೆ ಬಾಗಿಲು ಹಾಕಿದ್ದರು. ಆದರೂ 1500ರ ಹೊತ್ತಿಗೆ ಊರು ಸ್ವಿಸ್ಸರ ಕೈಸೇರಿತು. 2000ದಲ್ಲಿ ಯುನೆಸ್ಕೊ ಈ ಮೂರು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೋಟೆಯ ಬುಡದ ಚೌಕದಲ್ಲಿ ಬಂಡೆಯನ್ನೇ ಸೀಳಿ ಒಳಗೆ ಲಿಫ್ಟ್ ಇಟ್ಟಿದ್ದಾರೆ! ಮಂಡಿನೋವಿನ ನನ್ನಂಥವನೂ ಹನಿ ಬೆವರಿಲ್ಲದೆ ಕಾಸ್ಟೆಲ್‌ಗ್ರಾಂಡೆಯ ಅಂಗಳದಲ್ಲಿ ನಿಂತೆ. ಕತ್ತರಿಸಿದ ಹುಲ್ಲು, ಕಪ್ಪು ಗೋಪುರ, ಬಿಳಿ ಗೋಪುರ, ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲು. ದ್ರಾಕ್ಷಿಯನ್ನು ಕಂಡಾಗ ನಂದಿಯ ತಪ್ಪಲಿನ ತೋಟಗಳು ನೆನಪಾದವು. ಸಾಸ್ಸೋ ಕೊರ್ಬಾರೋ ಕೋಟೆಯನ್ನು 1479ರಲ್ಲಿ ಆರು ತಿಂಗಳಲ್ಲಿ ಕಟ್ಟಿ ಮುಗಿಸಿದರೆಂದು ಮಗಳು ಓದಿ ಹೇಳಿದಾಗ ನನಗೆ ಕಿವಿ ನೆಟ್ಟಗಾಯಿತು. ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡನು ಚಿಕ್ಕಬಳ್ಳಾಪುರವನ್ನು ಕಟ್ಟಿಸಿದನೆಂದು ಹೇಳುವ ಕಾಲವೂ ಸುಮಾರು 1479ನೆಯ ಇಸವಿಯೇ. ಪರಸ್ಪರ ಹೆಸರನ್ನೇ ಕೇಳದ ಎರಡು ನಾಡುಗಳು ಒಂದೇ ವೇಳೆಗೆ ಕಲ್ಲಿನ ಮೇಲೆ ಕಲ್ಲಿಡುತ್ತಿದ್ದವು.

ಊರಿಗೆ ಮರಳಿದ ಮೇಲೆ, ನಮ್ಮ ಜಿಲ್ಲೆಯ ದುರ್ಗಗಳನ್ನೂ ಅಷ್ಟೇ ಸಾವಧಾನದಿಂದ ಮತ್ತೊಮ್ಮೆ ನೋಡಬೇಕೆಂಬ ಹಂಬಲವಾಯಿತು. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಒಂದು ಬೆಟ್ಟ, ಆ ಬೆಟ್ಟಕ್ಕೊಂದು ಪ್ರಾಕಾರ ಕಾಣುತ್ತದೆ. ಬಯಲಿನ ಕೋಟೆಗಳು ಮಾತ್ರ ಅಳಿದುಹೋಗಿವೆ. ಶಿಡ್ಲಘಟ್ಟದಲ್ಲಿ ಕೋಟೆ ಉಳಿದಿರುವುದು ಬಹುಮಟ್ಟಿಗೆ ಹೆಸರಿನಲ್ಲಿ. ಕೋಟೆ ವೃತ್ತದ ಬಳಿ ರೇಷ್ಮೆಗೂಡಿನ ಚೀಲ ಹೊತ್ತು ಹೋಗುವವರಲ್ಲಿ 'ಎಲ್ಲಯ್ಯಾ ಆ ಕೋಟೆ?' ಎಂದು ಕೇಳುವವರಾರೂ ಇಲ್ಲ. ಬೆಟ್ಟದ ಕೋಟೆಗಳನ್ನು ಉಳಿಸಿದ್ದು ಅವುಗಳ ದುರ್ಗಮತೆಯೇ.

ಮೊದಲು ಹೋದದ್ದು ನಂದಿದುರ್ಗಕ್ಕೆ. 1478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಜನ ಬೆಳಗಿನ ಮಂಜು ನೋಡಲು ಬರುತ್ತಾರೆ. ಗೋಡೆಯನ್ನು ನೋಡುವವರು ಕಡಿಮೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಚಿಂತಾಮಣಿ ಸೀಮೆಯ ರಹಮಾನ್‌ಗಡವನ್ನು ಹಿಡಿದು, ಆಮೇಲೆ ಇಲ್ಲಿಗೆ ಮುತ್ತಿಗೆ ಹಾಕಿತು. ಟಿಪ್ಪುವಿನ ಕಾವಲು ಪಡೆ ಸುಮಾರು ಮೂರು ವಾರ ಕಾದಾಡಿತು. ಹತ್ತಿ ಬರುವವರ ಮೇಲೆ ಬಂಡೆಗಳನ್ನು ಉರುಳಿಸಿತು. ಫಿರಂಗಿಗಳು ಗೋಡೆಯನ್ನು ಒಡೆದ ಮೇಲೆ ಅಕ್ಟೋಬರ್ 19ರ ಬೆಳುದಿಂಗಳಲ್ಲಿ ಕೋಟೆ ಬಿದ್ದಿತು. ಬಿದ್ದದ್ದು ಗುಂಡಿಗೆ, ದಾಹಕ್ಕಲ್ಲ. ಅಲ್ಲಿನ ಅಮೃತ ಸರೋವರದ ಮೆಟ್ಟಿಲುಗಳ ಮೇಲೆ ಕುಳಿತಾಗ ಇದು ಮನಸ್ಸಿಗೆ ಹೊಳೆಯಿತು. ಅಷ್ಟು ಎತ್ತರದಲ್ಲಿ ನೂರಾರು ಜನ ವಾರಗಟ್ಟಲೆ ನಿಲ್ಲಬೇಕಾದರೆ ಮದ್ದುಗುಂಡಿಗಿಂತ ಮೊದಲು ಬೇಕಾದುದು ನೀರಲ್ಲವೇ?

ಅಲ್ಲಿಂದ ಮುಂದೆ ನಾನು ಕೋಟೆಗಳಲ್ಲಿ ಗೋಡೆಗಿಂತ ಕೊಳವನ್ನು ಹುಡುಕುತ್ತಾ ಹೋದೆ. ಇಲ್ಲಿ ನನ್ನ ತಮ್ಮನ ವಿಷಯವನ್ನು ಹೇಳಬೇಕು. ಚಿಂತಾಮಣಿಯ ಸಮೀಪದ ನಮ್ಮ ಹಳ್ಳಿಯಲ್ಲಿ ತಂದೆಯವರು ತೋಡಿಸಿದ ಬಾವಿಯೊಂದಿತ್ತು. ಬಾಲ್ಯದಲ್ಲಿ ನಾವಿಬ್ಬರೂ ಈಜು ಕಲಿತದ್ದು ಅದರಲ್ಲಿಯೇ. ನಾನು ನೌಕರಿಗೆ ಬಂದೆ; ತಮ್ಮ ಜಮೀನು ನೋಡಿಕೊಂಡ. ಬಾವಿ ಬತ್ತಿತು. ಅವನು ಒಂದರ ನಂತರ ಒಂದರಂತೆ ಏಳು ಕೊಳವೆಬಾವಿ ಕೊರೆಸಿದ. ಕೊನೆಯದು 1300 ಅಡಿ. ಅದರಲ್ಲಿ ಬಂದದ್ದು ಕಲ್ಲುಪುಡಿ ಮಾತ್ರ. ಸಾಲ ತೀರಿಸಲು ಮೂರು ಎಕರೆ ಮಾರಬೇಕಾಯಿತು. ನಮ್ಮ ಸೀಮೆಯಲ್ಲಿ ಇದು ಒಂದು ಮನೆಯ ಕಥೆಯಲ್ಲ. ಪಿನಾಕಿನಿ, ಚಿತ್ರಾವತಿ, ಅರ್ಕಾವತಿಗಳು ಹುಟ್ಟುವ ಬೆಟ್ಟಗಳು ನಮ್ಮವೇ ಆದರೂ ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಗೌರಿಬಿದನೂರಿನಲ್ಲಿ ನಾನಿದ್ದ ವರ್ಷಗಳಲ್ಲಿ ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ಕಂಡೆ. ಆಮೇಲೆ ಆ ಮರಳೂ ಲಾರಿಯೇರಿ ಹೋಯಿತು. ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಈಗ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಕೆರೆಗಳಿಗೆ ಹರಿಸುವ ಕಾಲ ಬಂದಿದೆ.

ಕಳೆದ ಮಾರ್ಚ್ ತಿಂಗಳಿನಲ್ಲಿ ತಮ್ಮನನ್ನು ಜೊತೆಗೆ ಕರೆದುಕೊಂಡು ಗುಡಿಬಂಡೆಗೆ ಹೋದೆ. ಹಾವಳಿ ಬೈರೇಗೌಡನೆಂಬ ಪಾಳೆಯಗಾರ ಕಟ್ಟಿಸಿದ ಕೋಟೆಯಿದು. ಉಳ್ಳವರಿಂದ ದೋಚಿ ಇಲ್ಲದವರಿಗೆ ಹಂಚುತ್ತಿದ್ದನೆಂದು ಜನ ಇಂದಿಗೂ ಹೇಳುತ್ತಾರೆ. ಕೆಳಗೆ ಹಬ್ಬಿರುವ ಅಮಾನಿ ಬೈರಸಾಗರವೂ ಅವನ ಹೆಸರಿನದೇ. ಇಲ್ಲಿ ಲಿಫ್ಟ್ ಇಲ್ಲ. ಏಳು ಸುತ್ತಿನ ಕೋಟೆಯನ್ನು ಊರುಗೋಲು ಹಿಡಿದು, ಪ್ರತಿ ಸುತ್ತಿನಲ್ಲೂ ಕುಳಿತು ಎದ್ದು ಏರಿದೆ. ಹಾಗೆ ನಿಧಾನವಾಗಿ ಹತ್ತಿದ್ದರಿಂದಲೇ ಕೊಳಗಳು ಒಂದೊಂದಾಗಿ ಕಂಡವು. ಬೆಟ್ಟದಲ್ಲಿ ಒಟ್ಟು 19 ಕೊಳಗಳಿವೆಯೆಂದು ಹೇಳುತ್ತಾರೆ. ನಮ್ಮ ಎಣಿಕೆಗೆ ಹನ್ನೊಂದು ಸಿಕ್ಕಿದವು. ಮೇಲಿನ ಬಂಡೆಯ ಮೇಲೆ ಬಿದ್ದ ಮಳೆ ಒಂದು ದೊಣೆಗೆ ಇಳಿಯುತ್ತದೆ. ಅದು ತುಂಬಿದರೆ ಹೆಚ್ಚಾದದ್ದು ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ಕೆಲವುಗಳಲ್ಲಿ ನೀರಿತ್ತು. ಪಾಚಿಗಟ್ಟಿತ್ತು, ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿದ್ದವು, ಆದರೆ ನೀರಿತ್ತು.

ತಮ್ಮ ಬಹಳ ಹೊತ್ತು ಅದರ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಬಳಿಕ ಸುತ್ತಲೂ ನೋಡಿ, "ಇಲ್ಲಿ ಒಂದು ಬೋರ್‌ವೆಲ್ಲೂ ಇಲ್ಲವಲ್ಲ ಅಣ್ಣಾ" ಎಂದ. ನಾನು ಉತ್ತರ ಕೊಡಲಿಲ್ಲ. ಮೂರು ಎಕರೆ ಕಳೆದುಕೊಂಡವನಿಗೆ ಮೇಷ್ಟ್ರ ಪಾಠ ಯಾಕೆ?

ಆದರೂ ಮನೆಗೆ ಬಂದು ಲೆಕ್ಕ ಹಾಕದೆ ಇರಲಾಗಲಿಲ್ಲ. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆಯೆಂದು ಇಟ್ಟುಕೊಳ್ಳಿ. ಒಂದು ಎಕರೆ ಎಂದರೆ 4047 ಚದರ ಮೀಟರ್. ಅಷ್ಟು ಬರಿಯ ಬಂಡೆಯ ಮೇಲೆ ಬೀಳುವ ನೀರು ಸುಮಾರು 28 ಲಕ್ಷ ಲೀಟರ್. ಅರ್ಧ ಹಾಳಾದರೂ 14 ಲಕ್ಷ ಉಳಿಯಿತು. ನೂರು ಜನ ಕಾವಲುಗಾರರಿಗೆ ದಿನಕ್ಕೆ ತಲೆಗೆ ಹತ್ತು ಲೀಟರಿನಂತೆ ವರ್ಷಕ್ಕೆ ಬೇಕಾದುದು 3 ಲಕ್ಷ 65 ಸಾವಿರ ಲೀಟರ್. ಅಂದರೆ ಒಂದು ಎಕರೆ ಬಂಡೆಯ ಒಂದು ವರ್ಷದ ಮಳೆ, ಹಿಡಿದಿಡಬಲ್ಲವರಿಗೆ, ನೂರು ಜನರ ಮೂರು ವರ್ಷಗಳ ಬದುಕು. ಬೈರೇಗೌಡನ ಜನಕ್ಕೆ ಮಿಲಿಮೀಟರ್ ಗೊತ್ತಿರಲಿಲ್ಲ, ಲೀಟರ್ ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. ಮೊದಲು ನೀರನ್ನು ಎಣಿಸಿ ಆಮೇಲೆ ಜನರನ್ನು ಎಣಿಸಿದರು. ನಾವು ಮೊದಲು ಬೆಳೆಯನ್ನು ಎಣಿಸಿ, ಆಮೇಲೆ ನೀರಿಗಾಗಿ ಭೂಮಿಯನ್ನು ಕೊರೆದೆವು.

ಬೆಲ್ಲಿಂಜೋನಾದವರು ತಮ್ಮ ಕೋಟೆಯನ್ನು ಇಟ್ಟುಕೊಂಡಿರುವ ಅಂದವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅವರದು ದಾರಿಯನ್ನು ಕಾದ ಕೋಟೆ. ಆ ದಾರಿ ಇಂದು ಸುರಂಗದೊಳಗೆ ಸೇರಿಹೋಗಿ ಕೋಟೆಯ ಕೆಲಸ ಮುಗಿದಿದೆ. ಇನ್ನು ಅದು ನೋಡುವುದಕ್ಕೆ ಮಾತ್ರ. ನಮ್ಮವು ನೀರನ್ನು ಕಾದ ಕೋಟೆಗಳು. ಆ ಕೆಲಸ ಮುಗಿದಿಲ್ಲ. ರಹಮಾನ್‌ಗಡ, ಸ್ಕಂದಗಿರಿ, ಗುಡಿಬಂಡೆಗಳಿಗೆ ಲಿಫ್ಟ್ ಬೇಕೆಂದು ನಾನು ಕೇಳುವುದಿಲ್ಲ. ಕೊಳದ ಹೂಳು ತೆಗೆಸಿದರೆ ಸಾಕು. ನಿಧಿಯ ಆಸೆಗೆ ಹಳೆಯ ಕೋಟೆ ಗುಡಿಗಳಲ್ಲಿ ರಾತ್ರಿ ಅಗೆಯುವವರ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಅವರು ಹಗಲಿನಲ್ಲಿ ಬಂದು ಆ ಹೂಳನ್ನು ಅಗೆದಿದ್ದರೆ ಊರಿಗೆ ಉಪಕಾರವಾಗುತ್ತಿತ್ತು.

ಶಾಲೆಯ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಪ್ರವಾಸಕ್ಕೆ ದೂರ ಕರೆದೊಯ್ಯುವ ಮುನ್ನ ಒಮ್ಮೆ ನಿಮ್ಮ ತಾಲ್ಲೂಕಿನ ದುರ್ಗಕ್ಕೆ ಕರೆದೊಯ್ಯಿರಿ. ಮಳೆಗಾಲ ಮುಗಿದೊಡನೆ ಒಂದು ಸಲ, ಶಿವರಾತ್ರಿ ಕಳೆದ ಮೇಲೆ ಇನ್ನೊಂದು ಸಲ ಹೋಗಿ. ಯಾವ ರಾಜ ಯಾವಾಗ ಗೆದ್ದ ಎಂಬುದನ್ನು ಕೇಳುವ ಮೊದಲು, ಯಾವ ಕೊಳದಲ್ಲಿ ಎಷ್ಟು ಮೆಟ್ಟಿಲು ನೀರು ಇಳಿಯಿತು ಎಂದು ಅವರಿಂದಲೇ ಅಳೆಯಿಸಿ ಬರೆಯಿಸಿರಿ. ನನ್ನ ತಮ್ಮನಿಗೆ ಈ ಲೆಕ್ಕವನ್ನು ನಾವ್ಯಾರೂ ಹೇಳಿಕೊಡಲಿಲ್ಲ. ಪಠ್ಯದಲ್ಲಿ ಅದು ಇರಲೂ ಇಲ್ಲ. ಅವನ ಮೊಮ್ಮಗಳು ಈಗ ಆರನೆಯ ತರಗತಿಯಲ್ಲಿದ್ದಾಳೆ.